ಒಂದು ಮಾರ್ಕರ್ ಕಾಣ್ಲಿಲ್ಲ ಅಂದ ಮಾತ್ರಕ್ಕೆ ಲಿಂಫೋಮಾ ಅಲ್ಲ

ಕುತ್ತಿಗೆಲೋ ಕಂಕುಳಲ್ಲೋ ಗಂಟು ಬಂದು ವಾರಗಟ್ಲೆ ಆದ್ರೂ ಕರಗ್ಲಿಲ್ಲ ಅಂದ್ರೆ ಲಿಂಫೋಮಾ, ಅಂದ್ರೆ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣಗಳ ಕ್ಯಾನ್ಸರ್, ಇದ್ಯಾ ಅಂತ ನೋಡೋಕೆ ಡಾಕ್ಟ್ರು ಬಯಾಪ್ಸಿ ಬರೀತಾರೆ, ಒಂದೊಂದ್ಸಲ ಜೊತೆಗೆ ಫ್ಲೋ ಸೈಟೊಮೆಟ್ರಿನೂ ಇರತ್ತೆ. ಗಂಟಿನ ಜೀವಕೋಶಗಳನ್ನ ಬಿಡಿಬಿಡಿ ಮಾಡಿ, ಹೊಳೆಯೋ ಬಣ್ಣ ಅಂಟಿಸಿದ ಆ್ಯಂಟಿಬಾಡಿ ಹಾಕಿ, ಲೇಸರ್ ಮುಂದೆ ಒಂದರ ಹಿಂದೆ ಒಂದು ಹರಿಸ್ತಾರೆ, ಯಾವ ಕೋಶದ ಮೈಮೇಲೆ ಯಾವ ಪ್ರೋಟೀನ್ (ಇದಕ್ಕೇ ಮಾರ್ಕರ್ ಅನ್ನೋದು) ಇದೆ ಅಂತ ಗೊತ್ತಾಗತ್ತೆ. (ಗಂಟನ್ನ ಪೂರ್ತಿ, ಕೋಶಗಳನ್ನ ಕೊಲ್ಲೋ ಫಾರ್ಮಲಿನ್ ಡಬ್ಬಿಗೆ ಹಾಕ್ಬಿಟ್ರೆ ಕಥೆ ಮುಗೀತು, ಇದಕ್ಕೆ ಜೀವಂತ ಕೋಶಾನೇ ಬೇಕು.)

ಲಿಂಫೋಸೈಟ್‌ಗಳಲ್ಲಿ ಬಿ, ಟಿ ಅಂತ ಎರಡು ಮುಖ್ಯ ಜಾತಿ. ಬಿ ಕೋಶಗಳದ್ದು ಸುಲಭ, ಸಾಮಾನ್ಯವಾಗಿ ಒಂದೊಂದರ ಮೇಲೂ ಕಪ್ಪಾ ಇಲ್ಲಾ ಲ್ಯಾಂಬ್ಡಾ ಅನ್ನೋ ಪ್ರೋಟೀನಲ್ಲಿ ಒಂದಿರತ್ತೆ. ಗುಂಪಲ್ಲಿ ಎರಡೂ ಬೆರೆತಿದ್ರೆ ಸಾಮಾನ್ಯವಾಗಿ ಚಿಂತೆ ಇಲ್ಲ, ಎಲ್ಲಾ ಒಂದೇ ಥರ ಇದ್ರೆ ಒಂದೇ ಕೋಶದಿಂದ ಬೆಳೆದ ಕ್ಯಾನ್ಸರ್ ಇರಬಹುದಾ ಅಂತ ಡೌಟು. ಟಿ ಕೋಶಕ್ಕೆ ಬಹಳ ವರ್ಷ ಅಂಥ ಅಳತೆಗೋಲೇ ಇರ್ಲಿಲ್ಲ, ಹಾಗಾಗಿ ಟಿ ಕೋಶದ ಮೇಲೆ ಸಾಮಾನ್ಯವಾಗಿ ಇರೋ ಸಿಡಿ2, ಸಿಡಿ3, ಸಿಡಿ5, ಸಿಡಿ7 ಅನ್ನೋ ಮಾರ್ಕರ್‌ಗಳು ಇವೆಯಾ, ಜೊತೆಗೆ ಸಿಡಿ4 ಅಥವಾ ಸಿಡಿ8 ಇದ್ಯಾ ಅಂತ ನೋಡಿ, ಏನಾದ್ರೂ ಕಾಣೆ ಆಗಿದ್ರೆ ಅನುಮಾನ ಪಡೋದು.

ತೊಂದ್ರೆ ಏನಪ್ಪಾ ಅಂದ್ರೆ ಒಳ್ಳೆ ಟಿ ಕೋಶಗಳೂ ಹೀಗೇ ಆಟ ಆಡ್ತವೆ. ಸಿಡಿ7 ಇಲ್ಲದ ಒಂದು ಸಣ್ಣ ಗುಂಪು ಆರೋಗ್ಯವಂತರಲ್ಲೂ ಇರತ್ತೆ. ಎಪ್‌ಸ್ಟೈನ್-ಬಾರ್ ವೈರಸ್ ಬಂದಾಗ ಸಿಡಿ8 ಕೋಶಗಳು ಉಕ್ಕಿ ಬಂದು ಸಿಡಿ7 ಮಂಕಾಗತ್ತೆ. ಗಾಮಾ-ಡೆಲ್ಟಾ ಅನ್ನೋ ಟಿ ಕೋಶಗಳಲ್ಲಿ ಎಷ್ಟೋ ಸಲ ಸಿಡಿ4ನೂ ಇಲ್ಲ ಸಿಡಿ8ಊ ಇಲ್ಲ, ಹುಟ್ಟಿದ್ದೇ ಹಾಗೆ. ಇನ್ನು ಸಿಡಿ10, ಇದು ಟಿ ಕೋಶದ ಮೇಲೆ ಕಂಡ್ರೆ ಆ್ಯಂಜಿಯೋಇಮ್ಯುನೋಬ್ಲಾಸ್ಟಿಕ್ ಅನ್ನೋ ಟಿ ಕೋಶದ ಲಿಂಫೋಮಾ ನೆನಪಾಗತ್ತೆ, ಆದ್ರೆ ಬಿ ಕೋಶಗಳಿಗೆ ಪಾಠ ಹೇಳಿಕೊಡೋ ಫಾಲಿಕ್ಯುಲರ್ ಹೆಲ್ಪರ್ ಅನ್ನೋ ಒಳ್ಳೆ ಟಿ ಕೋಶಗಳಲ್ಲೂ ಕೆಲವಕ್ಕೆ ಅದು ಸಹಜವಾಗೇ ಇರತ್ತೆ.

ಉಲ್ಟಾ ಮೋಸಾನೂ ಇದೆ. ಹಾಡ್ಜ್‌ಕಿನ್ ಲಿಂಫೋಮಾದಲ್ಲಿ ನಿಜವಾದ ಕ್ಯಾನ್ಸರ್ ಕೋಶಗಳು ಬೆರಳೆಣಿಕೆಯಷ್ಟು, ಸುತ್ತ ಮುತ್ಕೊಂಡಿರೋ ಟಿ ಕೋಶಗಳೆಲ್ಲಾ ನಿರಪರಾಧಿಗಳೇ, ಮಾಮೂಲಿ ಫ್ಲೋ ಟೆಸ್ಟಲ್ಲಿ ಕಾಣೋದು ಹೆಚ್ಚಾಗಿ ಇವೇ. ಅದಕ್ಕೇ ಫ್ಲೋ ನಾರ್ಮಲ್ ಬಂತು ಅಂತ ಮೈಕ್ರೋಸ್ಕೋಪಲ್ಲಿ ಗಂಟಿನ ಸ್ಲೈಡ್ ನೋಡದೇ ಬಿಡೋ ಹಾಗಿಲ್ಲ.

ಈಗ ಟಿಆರ್‌ಬಿಸಿ1 ಅನ್ನೋ ಮಾರ್ಕರ್ ಬಂದಿದೆ, ನನಗಂತೂ ಇದು ತುಂಬಾ ಇಷ್ಟ. ಟಿ ಕೋಶದ ರಿಸೆಪ್ಟರಿನ (ರೋಗಾಣು ಗುರುತಿಸೋ ಪ್ರೋಟೀನಿನ) ಬೀಟಾ ಸರಪಳಿಯ ಬದಲಾಗದ ಭಾಗ ಮಾಡೋಕೆ ಎರಡು ಜೀನ್ ಇವೆ, ಟಿಆರ್‌ಬಿಸಿ1 ಅದ್ರಲ್ಲಿ ಒಂದು, ಒಂದೊಂದು ಕೋಶ ಅದ್ರಲ್ಲಿ ಒಂದನ್ನ ಹಿಡ್ಕೊಳ್ಳತ್ತೆ. ಒಳ್ಳೆ ಗುಂಪಲ್ಲಿ ಎರಡೂ ಬೆರೆತಿರತ್ತೆ, ಒಂದೇ ಕೋಶದಿಂದ ಹುಟ್ಟಿದ ಗುಂಪಾದ್ರೆ ಪೂರ್ತಿ ಒಂದೇ ಕಡೆ. ಕೊನೆಗೂ ಕಪ್ಪಾ-ಲ್ಯಾಂಬ್ಡಾ ಥರದ್ದು ಸಿಕ್ತು! ಆದ್ರೆ ವಯಸ್ಸಾದವರಲ್ಲಿ ಯಾವ ಕ್ಯಾನ್ಸರೂ ಇಲ್ಲದೇನೇ ಸಿಡಿ8 ಕೋಶಗಳ ಇಂಥ ಒಂದೇ ಕಡೆ ವಾಲಿದ ಪುಟ್ಟ ಗುಂಪು ಇರತ್ತೆ, ಮಷೀನು ಅದನ್ನೂ ಹಿಡಿದು ತೋರಿಸತ್ತೆ.