ಹಟ್ಟಿ ಮೊದಲು, ಕಾಗದ ಆಮೇಲೆ

ಚಿತ್ರದುರ್ಗದಿಂದ ಚಳ್ಳಕೆರೆ ಕಡೆಗೆ ಬಸ್ಸಲ್ಲಿ ಹೋಗುವಾಗ ಊರಿನ ಬೋರ್ಡುಗಳನ್ನು ಓದಿ ನೋಡಿ. ಗೊಲ್ಲರಹಟ್ಟಿ, ಕುರುಬರಹಟ್ಟಿ, ನಡುವೆ ಎಲ್ಲೋ ಒಂದು ತಾಂಡಾ. ದಾವಣಗೆರೆ ಸೀಮೆಯಲ್ಲಿ ಭದ್ರಾ ನಾಲೆ ದಾಟಿದರೆ ಕ್ಯಾಂಪ್. ಯಾರು ಏನನ್ನು ನಂಬಿಕೊಂಡು ಬಂದರು ಅನ್ನೋದು ಈ ಹೆಸರುಗಳಲ್ಲೇ ಇದೆ.

ಹಟ್ಟಿಯವರು ನಂಬಿದ್ದು ದನ, ಕುರಿಯನ್ನು. ಮಳೆ ಕಡಿಮೆ, ಹುಲ್ಲುಗಾವಲು ಜಾಸ್ತಿ ಇದ್ದ ಸೀಮೆ ಇದು. ಕಾಡುಗೊಲ್ಲರ ಹಟ್ಟಿ ಅಂದರೆ ಸುತ್ತ ಮುಳ್ಳುಬೇಲಿ, ಒಳಗೆ ಗುಡಿಸಲು, ದೇವರ ಗುಡಿ, ಕುರಿ ರೊಪ್ಪ. ಮೈಸೂರು ಅರಸರು ಅಮೃತ ಮಹಲ್ ದನಗಳಿಗೆಂದು ಕಾದಿಟ್ಟ ಕಾವಲುಗಳ, ಅಂದರೆ ಹುಲ್ಲುಗಾವಲುಗಳ ಸುತ್ತ ಇಂಥ ಹಟ್ಟಿಗಳು ಬೆಳೆದವು. ರಾಗಿ, ಸಜ್ಜೆ, ಹುರುಳಿ ಬಿತ್ತುತ್ತಾ ಇವರು ನಿಧಾನಕ್ಕೆ ರೈತರೂ ಆದರು. ಚಳ್ಳಕೆರೆಯ ಕಾವಲಿನ ಸಾವಿರಾರು ಎಕರೆ ಈಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಕೈಯಲ್ಲಿದೆ. ಕುರಿ ಮೇಯಿಸುವವರಿಗೆ ಅದು ದೊಡ್ಡ ನಷ್ಟ.

ತಾಂಡಾದ ಕಥೆ ಬೇರೆ. ಲಂಬಾಣಿಗರು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ಊರೂರು ಸುತ್ತುತ್ತಿದ್ದವರು. 1739ರಲ್ಲಿ ಇವರ ಸಂತ ಸೇವಾಲಾಲರು ಹುಟ್ಟಿದರು ಅಂತ ನಂಬುವ ಸೂರಗೊಂಡನಕೊಪ್ಪ ಇರೋದು ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲೇ. ರೈಲು ಬಂದ ಮೇಲೆ ಹೇರೆತ್ತಿಗೆ ಕೆಲಸ ಇಲ್ಲದಾಯಿತು. ಇವರು ನೆಲೆ ನಿಲ್ಲುವ ಹೊತ್ತಿಗೆ ಒಳ್ಳೆ ಜಮೀನು ಬೇರೆಯವರ ಪಾಲಾಗಿತ್ತು. ಉಳಿದದ್ದು ಗುಡ್ಡದ ಅಂಚು, ಕೂಲಿ.

ಕ್ಯಾಂಪುಗಳು ತೀರಾ ಈಚಿನವು. 1960ರ ದಶಕದಲ್ಲಿ ಭದ್ರಾ ನೀರು ಹರಿದ ಮೇಲೆ ಆಂಧ್ರದಿಂದ ಬಂದ ರೈತರು ಜಮೀನು ಕೊಂಡು ಭತ್ತ ನಾಟಿ ಮಾಡಿದರು. ಅವರು ನೆಲೆ ನಿಂತ ಜಾಗವೇ ಕ್ಯಾಂಪ್.

ಇದೆಲ್ಲದರ ನಡುವೆ ನನ್ನನ್ನು ಕಾಡುವ ಸಂಗತಿ ಒಂದಿದೆ. ಕಂದಾಯ ಇಲಾಖೆಯ ಪಟ್ಟಿಯಲ್ಲಿ 'ಬೇಚರಾಕ್' ಗ್ರಾಮ ಅಂತ ಇರುತ್ತವೆ. ಬರ, ರೋಗ ಇಂಥ ಕಾರಣಗಳಿಗೆ ಜನ ಬಿಟ್ಟುಹೋದ ಊರುಗಳು. ಒಬ್ಬರೂ ವಾಸ ಇಲ್ಲ, ಆದರೂ ಅವಕ್ಕೆ ಹೆಸರು, ನಕ್ಷೆ, ಸರ್ವೆ ನಂಬರ್ ಇದೆ. ತಲೆಮಾರುಗಳಿಂದ ಒಲೆ ಉರಿಯುತ್ತಿರುವ ಹಟ್ಟಿಗೆ ಮಾತ್ರ ಅದ್ಯಾವುದೂ ಇರಲಿಲ್ಲ. ಅದು ಪಕ್ಕದ ಊರಿನ ಯಾವುದೋ ಸರ್ವೆ ನಂಬರಿನೊಳಗೆ ಸೇರಿಹೋಗಿತ್ತು. ಮನೆ ನಿಮ್ಮದು, ಪಹಣಿ ಇನ್ನೊಬ್ಬರದ್ದು. ಹೀಗಿದ್ದರೆ ಆ ಮನೆ ಮೇಲೆ ಬ್ಯಾಂಕು ಸಾಲ ಕೊಡುತ್ತಾ?

ಭೂ ಸುಧಾರಣಾ ಕಾಯ್ದೆಗೆ ತಂದ 2016ರ ತಿದ್ದುಪಡಿ ಇದನ್ನು ಸರಿಪಡಿಸಲು ಹೊರಟಿತು. ಹಟ್ಟಿ, ತಾಂಡಾ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪ್ ಎಲ್ಲವನ್ನೂ ಅದು ಹೆಸರು ಹಿಡಿದು ಹೇಳಿತು. ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡವರಿಗೂ ಆ ಮನೆಯ ಜಾಗದ ಹಕ್ಕು ಸಿಗುವ ದಾರಿ ಮಾಡಿತು. ಅದರ ಜೊತೆಗೆ ಇಂಥ ನೆಲೆಗಳನ್ನು ಸ್ವಂತ ದಾಖಲೆ ಇರುವ ಕಂದಾಯ ಗ್ರಾಮ ಮಾಡುವ ಕೆಲಸವೂ ಶುರುವಾಯಿತು. ಅಂದರೆ ಅಳತೆಯವರು ಬಂದು ಗಡಿ ಗುರುತಿಸಬೇಕು, ನಕ್ಷೆ ಬರೆಯಬೇಕು, ಆಮೇಲೆ ಮನೆಮನೆಗೆ ಹಕ್ಕುಪತ್ರ. ಮುಳ್ಳುಬೇಲಿ ಹಾಕಿ ಹಟ್ಟಿಯ ಗಡಿಯನ್ನು ಹಿರಿಯರು ಎಂದೋ ಗುರುತಿಸಿದ್ದರು.