ಸೆನ್ಸರ್ ಹೇಳದ ಹದ

ಮುಷ್ಟಿಯಲ್ಲಿ ಮಣ್ಣು ಹಿಡಿದು ಅಮುಕಿ, ಉಂಡೆ ಕಟ್ಟುತ್ತದೆಯೇ, ಬೆರಳು ತಾಗಿಸಿದರೆ ಒಡೆಯುತ್ತದೆಯೇ ಎಂದು ನೋಡಿ 'ಹದ ಬಂದಿದೆ' ಎನ್ನುವ ರೈತರನ್ನು ನಾವೆಲ್ಲ ಕಂಡಿದ್ದೇವೆ. ಅದೇ ಹೊಲಕ್ಕೆ ಈಗ ತೇವಾಂಶದ ಸೆನ್ಸರ್ ಬಂದಿದೆ. ಅದರ ಕಡ್ಡಿಗಳನ್ನು ಮಣ್ಣಿಗೆ ಚುಚ್ಚಿದರೆ ಮೊಬೈಲ್ ಪರದೆಯಲ್ಲಿ 'ಶೇ. 20' ಎಂದು ಮೂಡುತ್ತದೆ. ಆ 20 ಎಂದರೆ ಬೆಳೆಗೆ ನೀರು ಸಾಕೋ, ಸಾಲದೋ? ಸ್ಮಾರ್ಟ್ ತಂತ್ರಜ್ಞಾನ ಕುರಿತು ಕೃಷಿ ಶಿಕ್ಷಕರಿಗೆ ನಡೆಯುವ ತರಬೇತಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಸಿಗಬೇಕಾದದ್ದು ಈ ಪ್ರಶ್ನೆಗೆ ಎಂದು ನಾನು ನಂಬಿದ್ದೇನೆ.

ದೇಶವಿದೇಶಗಳ ಕೃಷಿ ತರಬೇತಿಗೆ ಹೈದರಾಬಾದ್ ದೊಡ್ಡ ಕೇಂದ್ರ. ನಾರ್ಮ್ ಎಂದು ಹೆಸರಾದ ರಾಷ್ಟ್ರೀಯ ಕೃಷಿ ಸಂಶೋಧನಾ ನಿರ್ವಹಣಾ ಅಕಾಡೆಮಿ, ಕೃಷಿ ವಿಸ್ತರಣೆಯ ಮ್ಯಾನೇಜ್ ಸಂಸ್ಥೆ, ಎರಡೂ ಅಲ್ಲಿನ ರಾಜೇಂದ್ರನಗರದಲ್ಲಿವೆ. ಭಾರತ ಮತ್ತು ಅಮೆರಿಕ ಸೇರಿ 2016ರಲ್ಲಿ ಆರಂಭಿಸಿದ ತ್ರಿಕೋನ ತರಬೇತಿಯಲ್ಲಿ ಕೀನ್ಯಾ, ಮಲಾವಿ, ಘಾನಾ, ವಿಯೆಟ್ನಾಂನಂಥ ದೇಶಗಳ ಕೃಷಿ ಪರಿಣತರು ಮ್ಯಾನೇಜ್ ಮೂಲಕ ಕಲಿತಿದ್ದಾರೆ. ಸಮೀಪದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ, ಒಣ ಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇದೆ. ಅದರ ಆವರಣದಲ್ಲಿ ಕಪ್ಪು ಮಣ್ಣು, ಕೆಂಪು ಮಣ್ಣು ಎರಡೂ ಸಿಗುತ್ತವೆ. ಉತ್ತರ ಕರ್ನಾಟಕದ ಮಾತಿನಲ್ಲಿ ಹೇಳುವುದಾದರೆ ಎರೆ ಮತ್ತು ಮಸಾರಿ. ಸೆನ್ಸರ್ ಕಲಿಸಲು ಇದಕ್ಕಿಂತ ಒಳ್ಳೆಯ ತರಗತಿ ಸಿಗುವುದು ಕಷ್ಟ.

ಏಕೆಂದರೆ ಸೆನ್ಸರ್ ನೀರನ್ನು ನೇರವಾಗಿ ಅಳೆಯುವುದಿಲ್ಲ. ಕಡ್ಡಿಗಳ ನಡುವಿನ ಮಣ್ಣು ವಿದ್ಯುತ್ ಕ್ಷೇತ್ರದ ಶಕ್ತಿಯನ್ನು ಎಷ್ಟು ಹಿಡಿದಿಟ್ಟುಕೊಳ್ಳುತ್ತದೆ ಎಂದು ನೋಡುತ್ತದೆ. ಈ ಗುಣದ ಬೆಲೆ ಗಾಳಿಗೆ 1, ಒಣ ಮಣ್ಣಿನ ಕಣಗಳಿಗೆ 3ರಿಂದ 5, ನೀರಿಗೆ ಸುಮಾರು 80. ಅಂತರ ಇಷ್ಟು ದೊಡ್ಡದಾದ್ದರಿಂದ ಮಣ್ಣಿಗೆ ಚೂರು ನೀರು ಸೇರಿದರೂ ಯಂತ್ರಕ್ಕೆ ತಿಳಿಯುತ್ತದೆ. ಆದರೆ ಇದನ್ನು ಶೇಕಡಾವಾರಿಗೆ ಬದಲಿಸುವ ಸೂತ್ರ ಯಾವುದೋ ಊರಿನ ಮಣ್ಣಿಗೆ ಹೊಂದಿಸಿದ್ದು.

ಎರೆಯ ಜೇಡಿ ಕಣಗಳು ನೀರನ್ನು ಬಿಗಿಯಾಗಿ ಹಿಡಿದಿರುತ್ತವೆ. ಮರಳು ಬೆರೆತ ಮಸಾರಿಯಲ್ಲಿ ಶೇ. 20 ತೇವವಿದ್ದರೆ ಬೆಳೆ ನಳನಳಿಸುತ್ತದೆ. ಜಿಗುಟು ಎರೆಯಲ್ಲಿ ಅಷ್ಟೇ ತೇವವಿದ್ದರೂ ಬೇರಿಗೆ ಹೀರಲಾಗದೆ ಗಿಡ ಬಾಡತೊಡಗಬಹುದು. ಇನ್ನೊಂದು ತೊಡಕೂ ಇದೆ. ಒಣಗಿದ ಎರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಆ ಬಿರುಕಿನೊಳಗೆ ಕೈ ಇಳಿಸಬಹುದು. ಕಡ್ಡಿಯ ಪಕ್ಕದಲ್ಲೇ ನೆಲ ಬಾಯಿಬಿಟ್ಟರೆ ಸೆನ್ಸರ್ ಗಾಳಿಯನ್ನೂ ಸೇರಿಸಿ ಅಳೆಯುತ್ತದೆ. ಗೇಣು ದೂರದಲ್ಲಿ ಮಣ್ಣು ಹಸಿಯಾಗಿದ್ದರೂ ಪರದೆ 'ನೀರು ಹಾಯಿಸಿ' ಎನ್ನುತ್ತದೆ. ಸಾಲ ಮಾಡಿ ಸೆನ್ಸರ್ ಕೊಂಡ ರೈತರಿಗೆ ಇದನ್ನು ಮೊದಲೇ ತಿಳಿಸದಿರುವುದು ಅನ್ಯಾಯ.

ಪರಿಹಾರ ಹಳೆಯದೇ. ಗೊತ್ತಿರುವ ಗಾತ್ರದ ಲೋಹದ ಬಳೆಯನ್ನು ನೆಲಕ್ಕೆ ಬಡಿದು, ಅದರಲ್ಲಿ ತುಂಬಿದ ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ ಬಿಸಿಯ ಓವನ್‌ನಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಬೇಕು. ಕಡಿಮೆಯಾದ ತೂಕವೇ ನೀರು. ಹಸಿ, ಅರೆಹಸಿ, ಒಣ ಹೀಗೆ ಹತ್ತಾರು ಮಾದರಿ ತೂಗಿ, ಸೆನ್ಸರಿನ ಅಂಕಿಗಳ ಎದುರು ಗುರುತಿಸಿ ಗೆರೆ ಎಳೆದರೆ ಆ ಹೊಲದ್ದೇ ಆದ ಸೂತ್ರ ಸಿಗುತ್ತದೆ. ಕೀನ್ಯಾದಲ್ಲೂ ಎರೆಯಂಥ ಮಣ್ಣಿದೆ. ನಮ್ಮಂತೆ ಅವರೂ ಅದನ್ನು ಕಪ್ಪು ಹತ್ತಿ ಮಣ್ಣು ಎನ್ನುತ್ತಾರೆ. ಆದರೂ ಪಟಾನ್‌ಚೆರುವಿನಲ್ಲಿ ಎಳೆದ ಗೆರೆ ನೈರೋಬಿಯಲ್ಲಿ ನಡೆಯುವುದಿಲ್ಲ. ಅಲ್ಲಿಂದ ಬಂದ ಶಿಕ್ಷಕಿ ಗೆರೆ ಎಳೆಯುವ ಕ್ರಮವನ್ನು ಕೈಯಾರೆ ಕಲಿತು ಹೋದರೆ ತನ್ನ ಕಾಲೇಜಿನ ಹೊಲದಲ್ಲಿ ಹೊಸದನ್ನು ಎಳೆಯಬಲ್ಲಳು. ಮೂರು ದಿನದ ಕಾರ್ಯಾಗಾರದಲ್ಲಿ ಒಂದು ಪೂರ್ತಿ ದಿನ ಇದಕ್ಕೇ ಹೋದರೂ ನಷ್ಟವಿಲ್ಲ.

ಅಂಕಿಯ ಗೋಜೇ ಇಲ್ಲದ ಸಾಧನಗಳೂ ಇವೆ. ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಸಂಸ್ಥೆ ರೂಪಿಸಿದ ತೇವ ಸೂಚಕದಲ್ಲಿ ಅಂಕಿಯ ಬದಲು ನೀಲಿ, ಹಸಿರು, ಕಿತ್ತಳೆ, ಕೆಂಪು ದೀಪಗಳಿವೆ. ಇನ್ನೂ ಸರಳವಾದದ್ದು, ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಬಳಕೆಗೆ ತಂದ ತೂತು ಕೊಳವೆ. 30 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಕೊಳವೆಯನ್ನು ಗದ್ದೆಯಲ್ಲಿ ನೆಟ್ಟು, ಒಳಗಿನ ನೀರು ನೆಲಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ನೀರು ಹಾಯಿಸುತ್ತಾರೆ. ಬ್ಯಾಟರಿ ಬೇಡ, ಸಿಗ್ನಲ್ ಬೇಡ. ಕಾಲುವೆಯ ಕೊನೆಯಲ್ಲಿ ನೀರಿಗಾಗಿ ಕಾಯುವ ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ರೈತರಿಗೂ ಇದನ್ನು ತೋರಿಸಬೇಕು. ಹೂ ಬಿಡುವ ದಿನಗಳಲ್ಲಿ ಮಾತ್ರ ಹಾಗೆ ಕಾಯುವಂತಿಲ್ಲ; ಆಗ ಗದ್ದೆಯಲ್ಲಿ ನೀರು ನಿಂತೇ ಇರಬೇಕು.