ಸ್ಟೋನ್‌ಫಿಶ್ ಮುಳ್ಳು ಚುಚ್ಚಿದಾಗ

"ಡಾಕ್ಟ್ರೇ, ನೀರಲ್ಲಿ ಏನೋ ಕಚ್ತು" ಅಂತ ಬರುತ್ತಾರೆ. ಕಾಲೆತ್ತಿ ನೋಡಿದರೆ ಹಲ್ಲಿನ ಗುರುತೇ ಇರುವುದಿಲ್ಲ. ಅಂಗಾಲಲ್ಲಿ ಒಂದೋ ಎರಡೋ ಸಣ್ಣ ತೂತು, ಸುತ್ತ ನೀಲಿಗಟ್ಟಿದ ಚರ್ಮ, ನೋಡನೋಡುತ್ತಲೇ ಏರುವ ಊತ. ಗಾಯ ಇಷ್ಟೇ ಇಷ್ಟು, ನೋವು ಮಾತ್ರ ಗಟ್ಟಿ ಆಳನ್ನೂ ಅಳಿಸುವಷ್ಟು.

ಇದು ಕಲ್ಲಿನ ಹಾಗೆ ಕಾಣುವ ವಿಷದ ಮೀನು ಸ್ಟೋನ್‌ಫಿಶ್‌ನ ಮುಳ್ಳು ಚುಚ್ಚಿದ ಗುರುತು. ಈ ಮೀನು ತಾನಾಗಿ ಯಾರ ತಂಟೆಗೂ ಬರುವುದಿಲ್ಲ. ಕೆಂಪು ಸಮುದ್ರದಿಂದ ಆಸ್ಟ್ರೇಲಿಯಾದವರೆಗೆ, ಆಳವಿಲ್ಲದ ನೀರಿನ ಹವಳದ ದಿಬ್ಬಗಳಲ್ಲಿ, ಕೆಸರು ಮರಳಿನ ತಳದಲ್ಲಿ ಬಿದ್ದುಕೊಂಡಿರುತ್ತದೆ. ಎದೆಯ ಅಗಲ ರೆಕ್ಕೆಗಳಿಂದ ಮರಳು ತೋಡಿ ಹುದುಗುತ್ತದೆ. ಆಮೇಲೆ ಕಣ್ಣು, ಮೇಲ್ಮುಖದ ಬಾಯಿ ಬಿಟ್ಟರೆ ಜಾಸ್ತಿ ಏನೂ ಕಾಣದು. ಗಂಟುಗಂಟು ಮೈಮೇಲೆ ಪಾಚಿ ಬೇರೆ. ಸಣ್ಣ ಮೀನೋ ಸೀಗಡಿಯೋ ಹತ್ತಿರ ಸುಳಿದರೆ ಬಾಯಿ ತೆರೆದು ಎಳೆದುಕೊಳ್ಳುತ್ತದೆ. ಇದಕ್ಕೆ ಹಿಡಿಯುವ ಸಮಯ ಸುಮಾರು 0.015 ಸೆಕೆಂಡ್!

ಬೇಟೆಗೆ ಅದು ವಿಷ ಬಳಸುವುದಿಲ್ಲ. ವಿಷವೇನಿದ್ದರೂ ತನ್ನ ರಕ್ಷಣೆಗೆ. ಬೆನ್ನ ಮೇಲೆ 13 ಮುಳ್ಳುಗಳು, ಪ್ರತಿಯೊಂದಕ್ಕೂ ದಪ್ಪ ಚರ್ಮದ ಹೊದಿಕೆ, ಎರಡು ಬದಿಗೂ ವಿಷದ ಚೀಲ. ತುಳಿದಾಗ ಹೊದಿಕೆ ಕೆಳಕ್ಕೆ ಜಾರುತ್ತದೆ. ಚೀಲ ಒತ್ತಿಹೋಗಿ ವಿಷ ಮುಳ್ಳಿನ ಕಾಲುವೆಯಲ್ಲಿ ಮೇಲೇರುತ್ತದೆ, ಟೂತ್‌ಪೇಸ್ಟ್ ಟ್ಯೂಬ್ ಮೆಟ್ಟಿದ ಹಾಗೆ. ಒತ್ತುವ ಭಾರ ನಮ್ಮದೇ. ಹಾಗಾಗಿ ಜೋರಾಗಿ ಕಾಲಿಟ್ಟವರಿಗೆ ವಿಷವೂ ಜಾಸ್ತಿ.

ಕಾಲೆಳೆದುಕೊಂಡು ನಡೆದರೆ ತೊರಕೆ ಮೀನು ಗಾಬರಿಯಾಗಿ ಸರಿದು ಹೋಗುತ್ತದೆ. ಸ್ಟೋನ್‌ಫಿಶ್ ಹಾಗೆ ಸುಲಭಕ್ಕೆ ಜಾಗ ಬಿಡುವುದಿಲ್ಲ, ತನ್ನ ವೇಷವನ್ನೇ ನಂಬಿ ಕೂತಿರುತ್ತದೆ. ದಪ್ಪ ಅಟ್ಟೆಯ ಶೂ ಒಳ್ಳೆಯದು, ಆದರೆ ಮುಳ್ಳು ಕೆಲವೊಮ್ಮೆ ಅದನ್ನೂ ದಾಟುತ್ತದೆ. ನೀರಿಳಿದ ಮೇಲೆ ಕಲ್ಲುಗಳ ನಡುವೆ ಸಿಕ್ಕಿಕೊಂಡರೂ ಗಂಟೆಗಟ್ಟಲೆ ಬದುಕಿರುತ್ತದೆ. ಸತ್ತಿದೆ ಅಂದುಕೊಂಡು ಮುಟ್ಟಲೇಬೇಡಿ.

ಚುಚ್ಚಿದರೆ ಮೊದಲ ಮದ್ದು ಬಿಸಿನೀರು. ಈ ವಿಷ ಪ್ರೋಟೀನ್, ಶಾಖಕ್ಕೆ ಕೆಡುತ್ತದೆ. ನೀರು 45 ಡಿಗ್ರಿ ಸೆಲ್ಸಿಯಸ್ ಮೀರಬಾರದು. 30ರಿಂದ 90 ನಿಮಿಷ ಕಾಲು ಅದ್ದಿಡಿ. ನೋವಲ್ಲಿರುವ ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ ಅಲ್ವಾ, ಅದಕ್ಕೆ ಇನ್ನೊಂದು ಕಾಲನ್ನು ಮೊದಲು ಇಳಿಸಿ ನೋಡಿ. ಐಸ್ ಬೇಡ. ಹಾವು ಕಚ್ಚಿದವರಿಗೆ ಮಾಡುವಂತೆ ಬಿಗಿಯಾಗಿ ಕಟ್ಟುವುದೂ ಬೇಡ, ನೋವು ಇನ್ನೂ ಹೆಚ್ಚುತ್ತದೆ.

ಬಿಸಿನೀರಿಗೆ ಕಾಲಿಟ್ಟ ಮಾತ್ರಕ್ಕೆ ಆಸ್ಪತ್ರೆ ತಪ್ಪಿಸಬೇಡಿ. ಆಸ್ಟ್ರೇಲಿಯಾದಲ್ಲಿ 1959ರಲ್ಲೇ ಇದಕ್ಕೆ ಪ್ರತಿವಿಷ ಬಂತು, ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಎಷ್ಟು ತೂತು ಅನ್ನುವುದರ ಮೇಲೆ ಪ್ರಮಾಣ: ಒಂದೆರಡಾದರೆ ಒಂದು ವಯಲ್ (ಔಷಧದ ಪುಟ್ಟ ಸೀಸೆ), ಮೂರು ನಾಲ್ಕಾದರೆ ಎರಡು. ಜೊತೆಗೆ ಟೆಟನಸ್ ಇಂಜೆಕ್ಷನ್. ನೋವು ಇಳಿದ ಮೇಲೂ ಎಕ್ಸ್‌ರೇಯನ್ನೋ ಅಲ್ಟ್ರಾಸೌಂಡನ್ನೋ ಮಾಡಿಸಿಕೊಳ್ಳಿ. ಮುಳ್ಳಿನ ಚೂರು ಒಳಗೇ ಉಳಿದಿದ್ದರೆ ಕೀವಾಗಿ, ವಾರಗಟ್ಟಲೆ ಗಾಯ ಮಾಯುವುದಿಲ್ಲ.